ಸೋಸಿದ ನೀರು

ಅವಳ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ಎದುರಿಗೆ ಎರಡು ಒಳ್ಳೆಯ ಮಾತಾಡಿದರೂ "ಇರ್ಲಿ ಬಿಡ್ರಿ" ಎಂದು ಎದ್ದು ಹೋಗುತ್ತಿದ್ದವಳು. ಈಗ ಸತ್ತಳೆಂದು ಹೆಸರು ಹಿಡಿದು ನಾಲ್ಕು ಮಂದಿಯ ನಡುವೆ ಕೂರಿಸುವುದು ನನಗೇ ಸರಿ ಕಾಣುವುದಿಲ್ಲ. ಹೆಸರಿಲ್ಲದಿದ್ದರೂ ಆ ಕಾಲದಲ್ಲಿ ತೇರದಾಳದಿಂದ ಜಮಖಂಡಿಗೆ ಮುಂಜಾನೆಯ ಬಸ್ಸಿನಲ್ಲಿ ಓಡಾಡಿದವರಿಗೆ ಗುರುತು ಹತ್ತುತ್ತದೆ. ಡ್ರೈವರನ ಹಿಂದಿನ ಸೀಟು, ಮಡಿಲಲ್ಲಿ ಉದ್ದನೆಯ ಚೀಲ, ಗಾಜಿನ ಲೋಟದ ತಳದಷ್ಟು ದಪ್ಪ ಚಸ್ಮಾ.

ನಾನು ಬನಹಟ್ಟಿಯಲ್ಲಿ ಹತ್ತುತ್ತಿದ್ದೆ. ನಮ್ಮ ಓಣಿ ತುಂಬ ಪಾವರ್‌ಲೂಮು. ಆ ಖಟಖಟದ ನಡುವೆ ಸಂಸಾರ ಮಾಡಿದವರಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರುವುದಿಲ್ಲ. ನಾನು ಬಾಯಿ ತೆರೆದರೆ ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ಅವಳು ನನ್ನ ಮೊಣಕೈ ಮುಟ್ಟಿ, "ಸಾವಕಾಶ ಅಕ್ಕಾರ, ಇಲ್ಲಿ ಮಗ್ಗ ಇಲ್ರಿ" ಎನ್ನುತ್ತಿದ್ದಳು. ನನಗಿಂತ ಹತ್ತು ವರ್ಷ ಸಣ್ಣವಳು. ನನ್ನನ್ನು ಹೀಗೆ ತಿದ್ದುವ ಧೈರ್ಯ ನನ್ನ ಗಂಡನಿಗೂ ಇರಲಿಲ್ಲ.

ಇಬ್ಬರದೂ ಒಂದೇ ಕಚೇರಿ. ಆಲಮಟ್ಟಿಯ ಹಿನ್ನೀರು ಬಂದರೆ ಕೃಷ್ಣೆಯ ದಂಡೆಯಲ್ಲಿ ಯಾವ ಹಳ್ಳಿ ಎಲ್ಲಿಯವರೆಗೆ ಮುಳುಗುತ್ತದೆ, ಯಾರ ಮನೆ ಹೋಗುತ್ತದೆ ಎಂದು ಬರೆದಿಡುವ ಕೆಲಸ. ನಾನು ಗುಮಾಸ್ತೆ. ಅವಳು ಟ್ರೇಸರ್. ಸರ್ವೆಯವರು ಪೆನ್ಸಿಲಿನಲ್ಲಿ ಮಾಡಿ ತಂದ ನಕಾಶೆಯ ಮೇಲೆ ತೆಳ್ಳನೆಯ ಹಾಳೆ ಹಾಸಿ, ಕಪ್ಪು ಶಾಯಿಯಲ್ಲಿ ಗೆರೆಯ ಮೇಲೆ ಗೆರೆ ಎಳೆಯಬೇಕು. ಕೈ ನಡುಗಬಾರದು, ಬೆವರು ಬೀಳಬಾರದು. ಬೆರಳಿಗೆಲ್ಲ ಶಾಯಿ ಇರುತ್ತಿದ್ದುದರಿಂದ ಜಾರಿದ ಚಸ್ಮಾವನ್ನು ಅವಳು ಮಣಿಕಟ್ಟಿನ ಹಿಂಬದಿಯಿಂದ ಮೇಲಕ್ಕೆ ತಳ್ಳುತ್ತಿದ್ದಳು. ಆ ಚಸ್ಮಾದ ನಂಬರು ಮೈನಸ್ ಒಂಬತ್ತು.

ಒಮ್ಮೆ ಬೀಳಗಿ ಕಡೆಯ ಮುದುಕನೊಬ್ಬ ಬಂದು ಅವಳ ಮೇಜಿನ ಮುಂದೆ ನಿಂತ. "ನನ್ನ ಮನಿ ಇದರಾಗ ಎಲ್ಲೈತಿ ತೋರಸವ್ವಾ" ಎಂದ. ಸಾಹೇಬರು ನೋಡಿದರೆ ಬಯ್ಯುತ್ತಿದ್ದರು, ನಕಾಶೆ ಹೊರಗಿನವರಿಗೆ ತೋರಿಸುವಂತಿರಲಿಲ್ಲ. ಅವಳು ಅವನ ತೋರುಬೆರಳು ಹಿಡಿದು ಹಾಳೆಯ ಮೇಲೆ ಒಂದು ಕಡೆ ಇಟ್ಟಳು. ಮುದುಕ ಬಗ್ಗಿ ನೋಡಿದ.

"ಇಷ್ಟ ಸಣ್ಣದೇನು?"

"ಹಾಳಿ ಸಣ್ಣದ್ರಿ ಅಜ್ಜಾರ. ಮನಿ ದೊಡ್ಡದ ಐತಿ."

ಮುದುಕ ಬೆರಳು ಎತ್ತಲಿಲ್ಲ. ಅವಳೂ ಅವಸರ ಮಾಡಲಿಲ್ಲ. ಅವನು ತಾನಾಗಿ ಹೋಗುವವರೆಗೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಳು.

ಅವಳದು ಜೈನರ ಮನೆ. ತಂದೆ ಹೋಗಿ ಬಹಳ ವರ್ಷವಾಗಿತ್ತು. ತಾಯಿ, ಇವಳು, ಕಾಲೇಜು ಓದುವ ತಮ್ಮ. ಆ ತಾಯಿ ನೀರು ಸೋಸುವುದನ್ನು ನೀವು ನೋಡಬೇಕಿತ್ತು. ಹಿತ್ತಲ ಬಾವಿಯಿಂದ ಸೇದಿ, ಬಿಳಿ ದಪ್ಪ ಅರಿವೆಯನ್ನು ಎರಡು ಮಡಿಕೆ ಮಾಡಿ, ಕೊಡದ ಬಾಯಿಗೆ ಹಿಡಿದು ಸಣ್ಣಗೆ ಸುರಿಯುತ್ತಿದ್ದರು. ಆಮೇಲೆ ಅರಿವೆಯನ್ನು ಹಿಂಡದೆ, ಝಾಡಿಸದೆ, ಮಗ್ಗುಲು ಹೊರಳಿಸಿ, ಅದರ ಮೇಲೆ ಸೋಸಿದ ನೀರು ಹಾಕಿ, ಅದರಲ್ಲಿ ಉಳಿದ ಜೀವಗಳನ್ನು ಮರಳಿ ಅದೇ ಬಾವಿಗೆ ಇಳಿಬಿಡುತ್ತಿದ್ದರು. ಮೇಲಿನಿಂದ ಚೆಲ್ಲಿದರೆ ಅವಕ್ಕೆ ಪೆಟ್ಟಾಗುತ್ತದೆಂದು ಅವಿದ್ದ ಸಣ್ಣ ಕೊಡವನ್ನು ನೀರಿನ ಮಟ್ಟದವರೆಗೆ ಹಗ್ಗದಲ್ಲಿ ಇಳಿಸುತ್ತಿದ್ದರು. ಅವರ ಮನೆಗೆ ಹೋದಾಗ ನನಗೆ ಮೊದಲು ಸಿಗುತ್ತಿದ್ದುದು ಆ ನೀರಿನ ತಂಬಿಗೆ. ರುಚಿಯಾದ ನೀರು, ಸುಳ್ಳು ಹೇಳಬಾರದು.

ಹುಡುಗಿ ಇಪ್ಪತ್ತೇಳು ದಾಟಿದರೂ ಮದುವೆಯಾಗಿರಲಿಲ್ಲ. ಕನ್ಯಾ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಊರು ಮುಟ್ಟಿದ ಮೇಲೆ ಹೇಳಿ ಕಳಿಸುತ್ತಿದ್ದರು. "ಹುಡುಗಿ ಛಲೋ ಅದಾಳ್ರಿ. ಆದ್ರ ಚಸ್ಮಾ ಭಾಳ ದಪ್ಪ ಐತಿ." ಒಬ್ಬ ಹೆಣ್ಣುಮಗಳಂತೂ ಎದುರಿಗೇ, "ಹುಟ್ಟೂ ಮಕ್ಕಳಿಗೂ ಹಿಂಗ ಆದ್ರ ಹ್ಯಾಂಗ್ರಿ?" ಎಂದು ಕೇಳಿದ್ದಳು. ಅವಳು ಇದನ್ನೆಲ್ಲ ಬಸ್ಸಿನಲ್ಲಿ ನನಗೆ ನಗುತ್ತಲೇ ಹೇಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ, ಮೈ ಉರಿಯುತ್ತಿತ್ತು.

ಕಣ್ಣೊಳಗೇ ಹಾಕಿಕೊಳ್ಳುವ ಚಸ್ಮಾ ಬಂದಿದೆ ಎಂದು ತಾಯಿಗೆ ಹೇಳಿದವರು ಅವಳ ಸೋದರಮಾವ. ಮಿರಜಿಗೆ ಹೋದರು. ಕಣ್ಣಿನ ಡಾಕ್ಟರು ಅಳತೆ ನೋಡಿ, ಎರಡು ಲೆನ್ಸು, ಒಂದು ಡಬ್ಬಿ, ಒಂದು ಬಾಟಲಿ ಔಷಧ ಕೊಟ್ಟರು. ಈ ಔಷಧದಲ್ಲಿ ಮಾತ್ರ ತೊಳೆಯಬೇಕು, ಇದರಲ್ಲೇ ನೆನೆ ಇಡಬೇಕು, ನೀರು ತಾಗಿಸಬಾರದು, ಹಾಕಿಕೊಂಡು ಮಲಗಬಾರದು ಎಂದು ಬಿಡಿಸಿ ಹೇಳಿದರಂತೆ. ಮರುದಿನ ಬಸ್ಸಿನಲ್ಲಿ ಎಲ್ಲವನ್ನೂ ನನಗೆ ಪಾಠದಂತೆ ಒಪ್ಪಿಸಿದಳು. ಮುಖದ ಮೇಲೆ ಮಾತ್ರ ಹಳೆಯ ಚಸ್ಮಾವೇ ಇತ್ತು.

"ಮುಂಜಾನಿಂದ ಕುಂತೀನ್ರಿ ಅಕ್ಕಾರ, ಒಂದೂ ಕುಂದರವಲ್ದು. ಬೆರಳು ಹತ್ರ ಬಂದ್ರ ಸಾಕು, ಕಣ್ಣು ತಾನ ಮುಚ್ಕೊಂತೈತಿ. ನನ್ನ ಕಣ್ಣ ನನ್ನ ಮಾತು ಕೇಳವಲ್ದು."

ಕಚೇರಿಯ ಹಿಂದೆ ಹಳೆಯ ಕಾಗದದ ಗಂಟುಗಳನ್ನು ಒಟ್ಟಿದ ಖೋಲಿ ಇತ್ತು. ಊಟದ ಹೊತ್ತಿಗೆ ಅಲ್ಲಿಗೆ ಹೋದೆವು. ನಾನು ಕೈ ತೊಳೆದು ಅವಳ ರೆಪ್ಪೆ ಅಗಲಿಸಿ ಹಿಡಿದೆ. ಎಷ್ಟು ತೊಳೆದರೂ ಬೆರಳಲ್ಲಿ ಶೇಂಗಾ ಚಟ್ನಿಯ ಖಾರ ಉಳಿದಿತ್ತೆಂದು ಕಾಣುತ್ತದೆ, ಅವಳು ಎದ್ದು ಕುಣಿದಳು. ಇನ್ನೊಂದು ದಿನ ಲೆನ್ಸು ಬೆರಳಿಂದ ಜಾರಿ ಎಲ್ಲೋ ಬಿತ್ತು. "ಯಾರೂ ಅಲಗಾಡಬ್ಯಾಡ್ರಿ!" ಎಂದು ನಾನು ಕೂಗಿದ್ದು ತಹಶೀಲ್ದಾರ ಕಚೇರಿಯವರೆಗೆ ಕೇಳಿರಬೇಕು. ಆಗಷ್ಟೇ ಒಳಗೆ ಬಂದ ನಮ್ಮ ಸಾಹೇಬರು ಒಂದು ಕಾಲು ಎತ್ತಿಕೊಂಡೇ ನಿಂತರು. ಕೊನೆಗೆ ಲೆನ್ಸು ಅವಳದೇ ಸೆರಗಿಗೆ ಅಂಟಿಕೊಂಡಿತ್ತು.

ನಿಧಾನಕ್ಕೆ ಒಗ್ಗಿತು. ಮೊದಲು ಕಣ್ಣಲ್ಲಿ ಉಸುಕು ಬಿದ್ದಂತೆ ಇರುತ್ತದೆಂದಳು, ಆಮೇಲೆ ರೆಪ್ಪೆಯ ಕೂದಲು ಬಿದ್ದಂತೆ, ಆಮೇಲೆ ಏನೂ ಇಲ್ಲ. ಬಸ್ಸಿನಲ್ಲಿ ಕತ್ತು ತಿರುಗಿಸದೆಯೇ, "ಬಾಜೂಕಿನವ್ರೂ ಕಾಣಾಕತ್ತಾರ್ರಿ ಅಕ್ಕಾರ" ಎಂದು ಆಶ್ಚರ್ಯಪಟ್ಟಳು. ಚಸ್ಮಾದ ಅಂಚಿನಾಚೆಗೂ ಜಗತ್ತು ಇದೆಯೆಂದು ಅವಳಿಗೆ ಆಗಲೇ ಗೊತ್ತಾದದ್ದು. ಗೆರೆ ಎಳೆಯುವಾಗ ಮಾತ್ರ ಮಣಿಕಟ್ಟು ಹಳೆಯ ಚಾಳಿಯಂತೆ ಮೂಗಿನ ಕಡೆ ಹೋಗಿ ಬರಿದೇ ಗಾಳಿ ತಳ್ಳಿ ಬರುತ್ತಿತ್ತು.

ಎರಡೂ ಲೆನ್ಸು ಸರಿಯಾಗಿ ಕೂತ ಮೊದಲ ದಿನ ಆ ಖೋಲಿಯ ಕನ್ನಡಿಯ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು. ಸಣ್ಣವಳಿದ್ದಾಗಿನಿಂದ ಅವಳು ಚಸ್ಮಾ ಇಲ್ಲದ ತನ್ನ ಮುಖವನ್ನು ಪೂರ್ತಿ ನೋಡಿರಲೇ ಇಲ್ಲ. ಚಸ್ಮಾ ತೆಗೆದರೆ ಕನ್ನಡಿಗೆ ಮೂಗು ಹಚ್ಚಬೇಕು, ಆಗ ಒಂದು ಕಣ್ಣೋ ಒಂದು ಗಲ್ಲವೋ ಕಾಣಬೇಕು, ಅಷ್ಟೆ.

"ಇಕಿ ಯಾರ್ರಿ ಅಕ್ಕಾರ?" ಎಂದಳು.

"ಛಂದ ಅದೀಯಲ್ಲ ಬೇ," ಎಂದೆ.

"ನಮ್ಮಪ್ಪನಂಗ ಅದೀನ್ರಿ," ಎಂದು ಅಳಲು ಶುರು ಮಾಡಿದಳು. ಅತ್ತರೆ ಲೆನ್ಸು ತೇಲಿ ಹೋದೀತೆಂದು ನಾನು ಬೈದು ಸುಮ್ಮನಾಗಿಸಿದೆ.

ದೀಪಾವಳಿಯ ಮುಂದೆ ಹಿಪ್ಪರಗಿ ಕಡೆಯವರು ನೋಡಿ ಹೋದರು. ಹುಡುಗ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ನೆಟ್ಟಗೆ ಮಾತಾಡುವ, ಸಾಧು ಹುಡುಗ. ಒಪ್ಪಿದರು. ನಿಶ್ಚಯವೂ ಆಯಿತು. ಕಬ್ಬು ನುರಿಸುವ ಹಂಗಾಮು ಮುಗಿಯುವವರೆಗೆ ಹುಡುಗನಿಗೆ ರಜೆ ಸಿಗುವುದಿಲ್ಲ, ಅದಕ್ಕೆ ಲಗ್ನ ಬೇಸಿಗೆಗೆ ಎಂದರು. ಚಸ್ಮಾದ ಮಾತು ಎರಡೂ ಕಡೆ ಬರಲಿಲ್ಲ. ಹೇಳಿಬಿಡೋಣ ಎಂದು ಇವಳು ಒಂದೇ ಹಟ ಹಿಡಿದಿದ್ದಳು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರ, ನಾವು ಒಂದ ಮುಚ್ಚಿಡಾಕತ್ತೇವಿ" ಎಂದು ಸೋದರಮಾವ ಬಾಯಿ ಮುಚ್ಚಿಸಿದರು. ಅಕ್ಷತೆ ಬಿದ್ದ ಮೇಲೆ ಹೇಳುವುದೆಂದು ಹಿರಿಯರ ತೀರ್ಮಾನವಾಯಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ನಿಶ್ಚಯವಾದ ಮೇಲೆ ಬೀಗರು ಹಬ್ಬ ಬಂದಾಗ, ಹುಣ್ಣಿಮೆ ಬಂದಾಗ, ಅತ್ತ ಕಡೆ ಏನಾದರೂ ಕೆಲಸವಿದ್ದಾಗ ಹೇಳದೆ ಕೇಳದೆ ಬಂದು ಹುಡುಗಿಗೆ ಉಡಿ ತುಂಬಿ ಹೋಗುತ್ತಾರೆ. ಹೇಳಿ ಬಂದರೆ ಅದೇನು ಪ್ರೀತಿ? ಹುಡುಗನ ತಾಯಿ, ಅತ್ತಿಗೆ ಒಮ್ಮೆ ಬೆಳಗಾಗುವುದರೊಳಗೆ ಬಂದರು, ಒಮ್ಮೆ ಊಟಕ್ಕೆ ಕೂತಾಗ ಬಂದರು. ಹೀಗಾಗಿ ಅವಳು ಎದ್ದ ಕೂಡಲೆ ಲೆನ್ಸು ಹಾಕಿಕೊಂಡರೆ ಮಲಗುವಾಗ ತೆಗೆಯುವಳು. ಬಾಟಲಿಯ ಔಷಧ ನಮ್ಮ ಊರುಗಳಲ್ಲಿ ಸಿಗುತ್ತಿರಲಿಲ್ಲ, ಮಿರಜಿಗೇ ಹೋಗಬೇಕು. ಬಾಟಲಿ ತೀರಿದಾಗ ಕಚೇರಿಯಲ್ಲಿ ಮುಳುಗಡೆಯ ನಕಾಶೆಗಳ ಅವಸರ, ರಜೆ ಇಲ್ಲ. ಅವಳು ಮನೆಯಲ್ಲಿ ಸೋಸಿದ ನೀರನ್ನು ಡಬ್ಬಿಗೆ ಹಾಕಿ ಲೆನ್ಸು ನೆನೆ ಇಟ್ಟಳು. ಒಂದು ದಿನಕ್ಕೆಂದು ಮಾಡಿದ್ದು, ಏನೂ ಆಗಲಿಲ್ಲವೆಂದು ರೂಢಿಯಾಯಿತು. ಇದು ನನಗೆ ಆಗ ಗೊತ್ತಿರಲಿಲ್ಲ. ಅವಳ ತಾಯಿಗೂ ಗೊತ್ತಿರಲಿಲ್ಲ. ಮಗಳು ಕಣ್ಣಿಗೆ ಬೆರಳು ಹಾಕುವುದನ್ನು ನೋಡಲಾರದೆ ಆಕೆ ಆ ಹೊತ್ತಿಗೆ ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಔಷಧದ ವಾಸನೆಯೂ ಆಕೆಗೆ ಆಗುತ್ತಿರಲಿಲ್ಲ. "ಅದ್ಯಾಕ ಆ ಘಾಟು, ನಮ್ಮ ಮನಿ ನೀರಿಗಿಂತಾ ಶುದ್ಧ ಏನೈತಿ?" ಎಂದು ಮೊದಲಿನಿಂದಲೂ ಹೇಳುತ್ತಿದ್ದರು. ಮಗಳು ಕೇಳದೆ ಔಷಧವನ್ನೇ ಹಾಕುತ್ತಾಳೆಂದೇ ತಿಳಿದಿದ್ದರು.

ಹೋಳಿಯ ಸುಮಾರಿಗೆ ಅವಳ ಬಲಗಣ್ಣು ಕೆಂಪಾಯಿತು. ಊರಲ್ಲೆಲ್ಲ ಕಣ್ಣು ಬೇನೆ ಇತ್ತು, ಇವಳಿಗೂ ಬಂದಿದೆ ಎಂದುಕೊಂಡೆವು. ಔಷಧದ ಅಂಗಡಿಯವ ಕೊಟ್ಟ ಹನಿ ಹಾಕಿಕೊಂಡಳು. ತಾಯಿ ದಿನಕ್ಕೆ ಹತ್ತು ಸಲ ತಾವೇ ಸೋಸಿದ ನೀರಿನಿಂದ ಆ ಕಣ್ಣು ತೊಳೆದರು. ಕೆಂಪು ಇಳಿಯಲಿಲ್ಲ. ನೋವು ಏರಿತು. ಎಂಥ ನೋವೆಂದರೆ, ಕಿಟಕಿಗೆ ಕಂಬಳಿ ಕಟ್ಟಿದ ಖೋಲಿಯಲ್ಲಿ ಗೋಡೆಗೆ ಹಣೆ ಒತ್ತಿ ಕೂತಿದ್ದವಳು, ನಾನು ಬಾಗಿಲು ತೆರೆದಾಗ ಬಂದ ಒಂದು ಗೇಣು ಬೆಳಕಿಗೆ ಚೀರಿದಳು. ಅಷ್ಟು ಮೆತ್ತಗಿನ ಹುಡುಗಿ ಚೀರಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವತ್ತೇ ಜೀಪು ಮಾಡಿಕೊಂಡು ಮಿರಜಿಗೆ ಕರೆದೊಯ್ದೆವು.

ಡಾಕ್ಟರು ನೋಡಿದವರೇ ಕೇಳಿದ್ದು ಒಂದು ಮಾತು: ಲೆನ್ಸು ಯಾತರಲ್ಲಿ ತೊಳೆಯುತ್ತಿದ್ದೆ? ತಾಯಿ ಹೊರಗಿನ ಬಾಕಿನ ಮೇಲಿದ್ದರು. ಅವಳು ನಿಜ ಹೇಳಿದಳು. ನೀರಿನಲ್ಲಿರುವ ಒಂದು ಜೀವ, ಬಾವಿಯಲ್ಲಿ, ನಲ್ಲಿಯಲ್ಲಿ, ಎಲ್ಲ ಕಡೆ ಇರುವಂಥದ್ದು, ಲೆನ್ಸಿನ ಕೆಳಗೆ ಸೇರಿ ಕಣ್ಣಿನ ಪರದೆ ತಿನ್ನುತ್ತಿದೆ, ಯಾವ ಅರಿವೆಯಲ್ಲೂ ಅದು ಸಿಗುವುದಿಲ್ಲ ಎಂದರು. ತಡವಾಗಿದೆ, ಆದರೂ ನೋಡೋಣ ಎಂದರು.

ಡಾಕ್ಟರು ಎದ್ದು ಹೋದ ಮೇಲೆ ಅವಳು ನನ್ನ ಕೈ ತಡಕಿ ಹಿಡಿದಳು. "ಅವ್ವಗ ಹೇಳಬ್ಯಾಡ್ರಿ ಅಕ್ಕಾರ. ಆಕಿ ತನ್ನ ಕೈಲೆ ನನ್ನ ಕಣ್ಣು ತೊಳದಾಳ. ಗೊತ್ತಾದ್ರ ನೀರು ಕುಡಿಯೂದ ಬಿಡ್ತಾಳ. ನನ್ನ ಮ್ಯಾಲೆ ಆಣಿ ಮಾಡ್ರಿ." ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ತನ್ನಷ್ಟಕ್ಕೇ ಎಂಬಂತೆ, "ಅವ್ವ ಇಷ್ಟು ವರ್ಷ ಎಲ್ಲಾ ಜೀವ ಉಳಿಸಿ ಬಾವಿಗಿ ಬಿಟ್ಟಾಳ್ರಿ. ಒಂದು ತಪ್ಪಿಸ್ಕೊಂಡು ಇಲ್ಲಿ ಬಂದೈತಿ. ಪಾಪ, ಅದಕ್ಕೂ ಎಲ್ಲೋ ಇರಬೇಕಲ್ರಿ," ಎಂದಳು. ನನಗೆ ಅವಳ ಬಾಯಿ ಮುಚ್ಚಬೇಕೆನಿಸಿತು. ಇಂಥ ಹೊತ್ತಿನಲ್ಲೂ ಸಿಟ್ಟಾಗಲು ಬಾರದವರನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ.

ಕಣ್ಣು ಉಳಿಯಲಿಲ್ಲ. ಯಾರೋ ಸತ್ತವರು ದಾನ ಕೊಟ್ಟ ಪರದೆ ಹಾಕಿ ನೋಡಿದರು, ಹಿಡಿಯಲಿಲ್ಲ. ಬಲಗಣ್ಣಿನ ತುಂಬ ಬಿಳಿ ಹೂವು ಬಿತ್ತು.

ಲಗ್ನದ ತಿಥಿ ಹತ್ತಿರ ಬಂದಾಗ ಹುಡುಗನ ತಂದೆ ನಮ್ಮ ಕಚೇರಿಗೆ ಬಂದರು. ಮನೆಗೆ ಹೋಗಿ ಹೇಳುವ ಮುಖವಿಲ್ಲದ ಮಾತನ್ನು ಮೂರನೆಯವರ ಕಿವಿಗೆ ಹಾಕುವುದು ನಮ್ಮಲ್ಲಿ ನಡೆದುಬಂದ ರೀತಿ. ಆ ಮೂರನೆಯವಳು ನಾನಾಗಿದ್ದೆ. ಸಭ್ಯ ಮನುಷ್ಯ. ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಚಹಾ ತರಿಸಿದೆ.

"ಹುಡುಗಿಗಿ ಹಿಂಗಾತಲ್ರಿ, ನಮಗೂ ಭಾಳ ಕೆಟ್ಟ ಅನ್ನಿಸ್ತು," ಎಂದರು.

"ಚಸ್ಮಾದ ಮಾತು ಮುಚ್ಚಿಟ್ಟದ್ದು ಅವ್ರ ತಪ್ಪರಿ," ಎಂದೆ. ನಾನೇ ಮೊದಲು ಹೇಳಿಬಿಟ್ಟರೆ ಅವರ ಸಿಟ್ಟು ಇಳಿದೀತೆಂಬ ಆಸೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಬಾಯಾರ, ಅದು ನಮಗ ಮೊದಲಿಂದ ಗೊತ್ತಿತ್ತರಿ. ಮೂಗಿನ ಮ್ಯಾಲೆ ಎರಡೂ ಕಡೆ ಚಸ್ಮಾದ ಕಲಿ ಅದಾವು, ಕಾಣಂಗಿಲ್ಲೇನ್ರಿ? ಮತ್ತ ಆಕಿ ದಿನಾ ಬಸ್ಸಿನ್ಯಾಗ ಅಡ್ಡಾಡಿದಾಕಿ. ಅವ್ರಾಗಿ ಹೇಳಲಿಲ್ಲ, ನಾವಾಗಿ ಕೇಳೂದು ಮರ್ಯಾದಿ ಅಲ್ಲಂತ ಬಿಟ್ವಿ. ಚಸ್ಮಾ ಆದ್ರ ನಡೀತಿತ್ತರಿ. ಕಣ್ಣ ಹ್ವಾದ ಮ್ಯಾಲೆ ಹ್ಯಾಂಗ್ರಿ?"

ಚಹಾ ಪೂರ್ತಿ ಕುಡಿದು, ನಮಸ್ಕಾರ ಮಾಡಿ ಹೋದರು. ಬನಹಟ್ಟಿಯ ನನ್ನ ಗಂಟಲು ಅಂದು ಕೈಕೊಟ್ಟಿತು.

ಅವಳಿಗೆ ನಾನೇ ಹೇಳಬೇಕಾಯಿತು. ಹೇಳಿದಾಗ ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದಳು. ಪಟ್ಟಿಯ ಅಂಚು ಸರಿಮಾಡಿಕೊಂಡಳು. ಆಮೇಲೆ, "ಹಂಗಾದ್ರ ನಾವು ಯಾರಿಂದ ಮುಚ್ಚಿಟ್ಟಿದ್ವಿರಿ ಅಕ್ಕಾರ?" ಎಂದು ಕೇಳಿದಳು.

ಮಳೆಗಾಲದಲ್ಲಿ ಕೆಲಸಕ್ಕೆ ಮರಳಿದಳು. ಹಳೆಯ ಚಸ್ಮಾವೇ, ಬಲಗಡೆಯ ಗಾಜಿಗೆ ಮಾತ್ರ ಕಪ್ಪು ಬಣ್ಣ. ಒಂದು ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಲೋಟದ ಹೊರಗೆ ನೀರು ಸುರಿಯುತ್ತಿದ್ದಳು, ಪೆನ್ನು ಹಾಳೆಗೆ ತಾಗುವ ಮೊದಲೇ ಗೆರೆ ಎಳೆದು ಮುಗಿಸುತ್ತಿದ್ದಳು. ಆಮೇಲೆ ತಾನೇ ಒಂದು ಉಪಾಯ ಹುಡುಕಿದಳು. ಮೊದಲು ಕಿರುಬೆರಳನ್ನು ಹಾಳೆಯ ಮೇಲೆ ಊರಿ, ನೆಲ ಸಿಕ್ಕಿತೆಂದು ಖಾತ್ರಿಯಾದ ಮೇಲೆ ಪೆನ್ನು ಇಳಿಸುವುದು. ಹಾಗೆಯೇ ಎಷ್ಟೋ ಹಳ್ಳಿಗಳ ಗೆರೆ ಎಳೆದಳು. ಆ ಹಳ್ಳಿಗಳು ಮುಳುಗಿದವು. ಮುಂದೆ ನಕಾಶೆಯ ಕೆಲಸಕ್ಕೆ ಕಂಪ್ಯೂಟರು ಬಂತು, ಇವಳನ್ನು ಟಪಾಲು ವಿಭಾಗದಲ್ಲಿ ಕೂರಿಸಿದರು. ಲಕೋಟೆಗೆ ಅಂಟು ಹಚ್ಚುವಾಗಲೂ ಕಿರುಬೆರಳು ಮೊದಲು ಇಳಿಯುತ್ತಿತ್ತು. ಮತ್ತೆ ಕನ್ಯಾ ನೋಡಲು ಯಾರೂ ಬರಲಿಲ್ಲ. ತಮ್ಮನ ಮದುವೆಯಾಯಿತು, ಮನೆಯಲ್ಲಿ ಮಕ್ಕಳಾದವು.

ನನ್ನನ್ನು ಸುಟ್ಟದ್ದು ಇನ್ನೊಂದು. ಅವರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲು ಊಟ. ನಾನು ಹೋದಾಗಲೆಲ್ಲ ಆ ಊಟಕ್ಕೆ ಕೂರಿಸುತ್ತಿದ್ದರು. ತಾಯಿ ಬಡಿಸುತ್ತ ಬಡಿಸುತ್ತ ಮಗಳ ಕಪ್ಪು ಗಾಜು ನೋಡಿ, "ಆ ಔಷಧ ಬ್ಯಾಡಂತ ಬಡ್ಕೊಂಡೆ. ನನ್ನ ಮಾತು ಕೇಳಿದ್ರ ಇಷ್ಟೊತ್ತಿಗಿ ನಿನಗೂ ಎರಡ ಮಕ್ಕಳಿರ್ತಿದ್ವು," ಎನ್ನುತ್ತಿದ್ದರು. ಅವಳು ರೊಟ್ಟಿ ಮುರಿಯುತ್ತ, "ಹೌದವ್ವಾ, ನಂದ ತಪ್ಪು," ಎನ್ನುತ್ತಿದ್ದಳು. ಪ್ರತಿ ಸಲವೂ ಅದೇ ದನಿ, ಅದೇ ಮಾತು. ಎದ್ದು ನಿಂತು ಎಲ್ಲ ಹೇಳಿಬಿಡಬೇಕೆಂದು ನನ್ನ ನಾಲಗೆ ತುರಿಸುತ್ತಿತ್ತು. ಅವಳು ಒಂದೇ ಕಣ್ಣಲ್ಲಿ ನನ್ನತ್ತ ನೋಡುತ್ತಿದ್ದಳು. ನಾನು ತುತ್ತು ನುಂಗುತ್ತಿದ್ದೆ.

ಅವಳಿಗೆ ಎದೆನೋವು ಬಂದದ್ದು ಕಚೇರಿಯಿಂದ ಬಂದ ಸಂಜೆ. ಆಸ್ಪತ್ರೆ ಮುಟ್ಟಲಿಲ್ಲ. ನಲವತ್ತು ಆಗಷ್ಟೇ ದಾಟಿತ್ತು. ನಾನು ಆಗ ಮಗಳ ಬಾಣಂತನಕ್ಕೆಂದು ಮುಧೋಳದಲ್ಲಿದ್ದೆ, ಅಂತ್ಯಕ್ರಿಯೆಗೆ ಹೋಗಲಾಗಲಿಲ್ಲ. ವಾರ ಕಳೆದ ಮೇಲೆ ಮಾತಾಡಿಸಿ ಬರಲು ತೇರದಾಳಕ್ಕೆ ಹೋದೆ.

ತಾಯಿ ಪಡಸಾಲೆಯಲ್ಲಿ ಕೂತಿದ್ದರು. ಮೈ ಕುಗ್ಗಿ ಹಿಡಿಯಷ್ಟಾಗಿತ್ತು. ನನ್ನನ್ನು ಕಂಡು ಅತ್ತರು, ನಾನೂ ಅತ್ತೆ. ಸೊಸೆ ಬಂದು ತಂಬಿಗೆ ಇಟ್ಟು ಹೋದಳು. ಈಗಲೂ ನೀರು ತಾವೇ ಸೋಸುತ್ತಾರಂತೆ, ಯಾರ ಕೈಗೂ ಅರಿವೆ ಕೊಡುವುದಿಲ್ಲವಂತೆ. ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು ಕೇಳಿದರು.

"ತಂಗಿ, ನೀ ಆಕಿ ಜೋಡಿ ಇದ್ದಾಕಿ. ನಿನಗ ಎಲ್ಲಾ ಗೊತ್ತೈತಿ. ಖರೆ ಹೇಳು. ಮೊದಲಿಂದ ಅದನ್ನ ನಮ್ಮ ಮನಿ ನೀರಾಗ ತೊಳ್ಕೊಂಡಿದ್ರ ನನ್ನ ಮಗಳ ಕಣ್ಣ ಉಳೀತಿತ್ತಲ್ಲ?"

ಇನ್ನು ನನ್ನನ್ನು ತಡೆಯುವ ಕಣ್ಣು ಆ ಮನೆಯಲ್ಲಿ ಇರಲಿಲ್ಲ. ತಂಬಿಗೆ ಎತ್ತಿ ನೀರು ಕುಡಿದೆ.

"ಹೌದ್ರಿ ಅವ್ವಾರ," ಎಂದೆ, "ಉಳೀತಿತ್ತು."